ಬಿಯರ್ಡೆಡ್ ಡ್ರ್ಯಾಗನ್‌ಗೆ ಹುಳು ತಿನ್ನಿಸುವುದು: ಮರಿಯಿಂದ ದೊಡ್ಡದಾಗುವವರೆಗೆ ಯಾವುದು, ಎಷ್ಟು, ಹೇಗೆ?

ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಜಾತಿಯ ಸರೀಸೃಪವನ್ನು ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ‘ದಿನಕ್ಕೆ ಎಷ್ಟು ಹುಳು ಹಾಕಬೇಕು?’ ಒಂದು ಸಂಖ್ಯೆ ಹೇಳಿಬಿಡಬಹುದು. ಆದರೆ ಇವತ್ತು ಸರಿಯಾಗಿರುವ ಸಂಖ್ಯೆ ಇನ್ನು ಮೂರು ತಿಂಗಳಿಗೆ ತಪ್ಪಾಗಿರುತ್ತದೆ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ಸಲ ಹುಳು ಬೇಕು. ಎರಡು ವರ್ಷದ್ದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು. ಈ ಬದಲಾವಣೆ ಗೊತ್ತಾಗದೆ ಮರಿಗೆ ಕೊಟ್ಟ ಹಾಗೇ ದೊಡ್ಡದಕ್ಕೂ ಕೊಡುತ್ತಾ ಹೋಗುವುದೇ ನಾನು ಕಾಣುವ ದೊಡ್ಡ ತಪ್ಪು.

ಯಾಕೆ ಹೀಗೆ ಅಂತ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ ಬಾಲವೂ ಸೇರಿ ಸುಮಾರು 10 ಸೆಂಟಿಮೀಟರ್ ಇರುತ್ತದೆ, ತೂಕ 2-3 ಗ್ರಾಂ. ಒಂದೂವರೆ ವರ್ಷದೊಳಗೆ ಅದೇ ಪ್ರಾಣಿ 40 ಸೆಂಟಿಮೀಟರ್ ದಾಟುತ್ತದೆ, ತೂಕ ನೂರು ಪಟ್ಟಿಗೂ ಜಾಸ್ತಿಯಾಗುತ್ತದೆ. ಮೂಳೆ, ಮಾಂಸ ಎಲ್ಲವೂ ಕಟ್ಟಿಕೊಳ್ಳುವ ಈ ಹೊತ್ತಿನಲ್ಲಿ ಹುಳುವಿನ ಪ್ರೋಟೀನ್ ಬೇಕೇ ಬೇಕು. ಬೆಳವಣಿಗೆ ನಿಂತ ಮೇಲೆ ಅಷ್ಟೇ ಹುಳು ಹೋದರೆ ಅದು ಕೊಬ್ಬಾಗಿ ಕೂರುತ್ತದೆ, ಮೊದಲು ಲಿವರ್‌ಗೆ ತೊಂದರೆ ಕೊಡುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ರಂಜಕ (ಫಾಸ್ಫರಸ್) ಸೇರಿಸದ ಕ್ಯಾಲ್ಸಿಯಂ ಪುಡಿ, ಸರೀಸೃಪಗಳಿಗೆಂದೇ ಮಾಡಿದ ಮಲ್ಟಿವಿಟಮಿನ್ ಪುಡಿ, ತುದಿ ಚೂಪಿಲ್ಲದ ಉದ್ದನೆಯ ಚಿಮಟ, ಒಳಗೋಡೆ ನುಣುಪಾಗಿರುವ ಒಂದು ಬಟ್ಟಲು, ಹುಳು ಇಡಲು ಗಾಳಿಯಾಡುವ ಡಬ್ಬ, ಗ್ರಾಂ ಲೆಕ್ಕದಲ್ಲಿ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ತಕ್ಕಡಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

1. ಹುಳುವಿಗಿಂತ ಮೊದಲು ಬಿಸಿ ಮತ್ತು ಬೆಳಕು ಸರಿ ಮಾಡಿ

ಇದು ಆಸ್ಟ್ರೇಲಿಯಾದ ಒಣ ಒಳನಾಡಿನ ಪ್ರಾಣಿ. ತಿಂದದ್ದು ಅರಗಬೇಕಾದರೆ ಅದರ ಮೈ ಬಿಸಿಯಾಗಬೇಕು, ಆ ಬಿಸಿ ಹೊರಗಿನಿಂದಲೇ ಬರಬೇಕು. ಅದು ಮೈ ಕಾಯಿಸಿಕೊಳ್ಳುವ ಜಾಗದ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಲಿ. ಅದನ್ನಿಟ್ಟ ಗಾಜಿನ ಟ್ಯಾಂಕಿನ ಇನ್ನೊಂದು ತುದಿ 24ರಿಂದ 28 ಡಿಗ್ರಿಯಷ್ಟು ತಂಪಾಗಿರಲಿ. ಕೈಯಿಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಟ್ಟು ನೋಡಿ.

ಬೆಳಕಿನ ವಿಷಯ ಇನ್ನೂ ಮುಖ್ಯ. ಯುವಿಬಿ ಎಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ಅತಿನೇರಳೆ ಕಿರಣ. ಇದು ಚರ್ಮಕ್ಕೆ ತಾಗಿದರೆ ಡ್ರ್ಯಾಗನ್ ತನ್ನ ಮೈಯಲ್ಲೇ ವಿಟಮಿನ್ ಡಿ3 ಮಾಡಿಕೊಳ್ಳುತ್ತದೆ. ಡಿ3 ಇಲ್ಲದಿದ್ದರೆ ನೀವು ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಕಿಟಕಿಯ ಪಕ್ಕ ಇಟ್ಟಿದ್ದೇನಲ್ಲ, ಬಿಸಿಲು ಬರುತ್ತದಲ್ಲ ಅನ್ನಬೇಡಿ. ಸಾಮಾನ್ಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಟ್ಯಾಂಕಿನ ಅರ್ಧದಷ್ಟಾದರೂ ಉದ್ದವಿರುವ ಯುವಿಬಿ ಟ್ಯೂಬ್ ಹಾಕಿ. ತಯಾರಕರು ಹೇಳಿದಷ್ಟು ದೂರದಲ್ಲಿ ಕೂರಿಸಿ. ವರ್ಷಕ್ಕೊಮ್ಮೆಯಾದರೂ ಬದಲಾಯಿಸಿ. ಹಳೆಯ ಟ್ಯೂಬ್ ಕಣ್ಣಿಗೆ ಚೆನ್ನಾಗೇ ಉರಿಯುತ್ತಿರುತ್ತದೆ, ಆದರೆ ಅದರಿಂದ ಬರುವ ಯುವಿಬಿ ಕುಸಿದಿರುತ್ತದೆ.

2. ಯಾವ ಹುಳು?

ದಿನನಿತ್ಯದ ಹುಳು ಬೇರೆ, ಅಪರೂಪಕ್ಕೆ ಕೊಡುವ ಹುಳು ಬೇರೆ. ಈ ಎರಡನ್ನೂ ಕಲಸಬೇಡಿ.

ದಿನನಿತ್ಯಕ್ಕೆ ಕ್ರಿಕೆಟ್ ಹುಳು, ದುಬಿಯಾ ಜಿರಳೆ, ಸಾಕಿದ ಮಿಡತೆ ಒಳ್ಳೆಯವು. ಕ್ರಿಕೆಟ್ ಹುಳು ಕುಪ್ಪಳಿಸುತ್ತದೆ, ಓಡುತ್ತದೆ. ಹಾಗಾಗಿ ಮರಿಯ ಬೇಟೆಯ ಬುದ್ಧಿ ಚುರುಕಾಗುತ್ತದೆ. ತೊಂದರೆ ಎಂದರೆ ಬೆಳೆದ ಗಂಡು ರಾತ್ರಿಯೆಲ್ಲ ಕಿರುಗುಟ್ಟುತ್ತದೆ, ಡಬ್ಬ ವಾಸನೆ ಬರುತ್ತದೆ, ಬೇಗ ಸಾಯುತ್ತದೆ. ದುಬಿಯಾಗೆ ಈ ಯಾವ ಕಾಟವೂ ಇಲ್ಲ. ಶಬ್ದ ಮಾಡುವುದಿಲ್ಲ, ನುಣುಪಾದ ಗೋಡೆ ಹತ್ತುವುದಿಲ್ಲ, ತಿಂಗಳುಗಟ್ಟಲೆ ಬದುಕುತ್ತದೆ, ಮೈಯಲ್ಲಿ ಮಾಂಸವೂ ಜಾಸ್ತಿ. ಆದರೆ ಅದಕ್ಕೊಂದು ಅಭ್ಯಾಸವಿದೆ. ಟ್ಯಾಂಕಿಗೆ ಬಿಟ್ಟ ತಕ್ಷಣ ಸತ್ತಂತೆ ಕದಲದೆ ಕೂರುತ್ತದೆ, ಇಲ್ಲವೇ ಹಾಸಿನ ಕೆಳಗೆ ನುಸುಳುತ್ತದೆ. ಕದಲದ ಹುಳುವನ್ನು ಡ್ರ್ಯಾಗನ್ ಗಮನಿಸುವುದೇ ಇಲ್ಲ. ಅದಕ್ಕೇ ನುಣುಪು ಬಟ್ಟಲಿನಲ್ಲಿ ಹಾಕಬೇಕು, ಇಲ್ಲವೇ ಚಿಮಟದಲ್ಲಿ ಹಿಡಿದು ಅಲ್ಲಾಡಿಸಬೇಕು.

ಇವುಗಳ ಜೊತೆಗೆ ಬದಲಾವಣೆಗೆ ರೇಷ್ಮೆ ಹುಳು ಮತ್ತು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು ಕೊಡಿ. ರೇಷ್ಮೆ ಹುಳು ಮೆತ್ತಗೆ, ಸುಲಭವಾಗಿ ಅರಗುತ್ತದೆ. ಈ ನೊಣದ ಮರಿಹುಳುವಿನಲ್ಲಿ ಬೇರೆ ಹುಳುಗಳಿಗಿಂತ ಕ್ಯಾಲ್ಸಿಯಂ ಬಹಳ ಜಾಸ್ತಿ. ಮರಿಗಳಿಗೆ ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಹಾರ್ನ್‌ವರ್ಮ್ ಎಂಬ ಹಸಿರು ಕಂಬಳಿಹುಳು ನೂರಕ್ಕೆ 85ರಷ್ಟು ನೀರೇ. ನೀರು ಕಡಿಮೆಯಾದ ಡ್ರ್ಯಾಗನ್‌ಗೆ ಒಂದೆರಡು ಕೊಟ್ಟರೆ ಒಳ್ಳೆಯದು, ಹೊಟ್ಟೆ ತುಂಬ ಕೊಟ್ಟರೆ ಭೇದಿಯಾಗುತ್ತದೆ.

ಮೀಲ್‌ವರ್ಮ್ ಎಂಬ ದುಂಬಿಯ ಮರಿಹುಳು ಎಲ್ಲ ಕಡೆ ಸಿಗುತ್ತದೆ ಅಂತ ಮರಿಗೂ ಅದನ್ನೇ ಹಾಕುವವರಿದ್ದಾರೆ. ಬೇಡ. ಅದರ ಹೊರಕವಚದಲ್ಲಿ ಕೈಟಿನ್ ಜಾಸ್ತಿ. ಕೈಟಿನ್ ಅಂದರೆ ಕೀಟಗಳ ಚಿಪ್ಪು ಗಟ್ಟಿಯಾಗಿರಲು ಕಾರಣವಾದ ವಸ್ತು. ಪುಟ್ಟ ಮರಿಯ ಕರುಳಿಗೆ ಅದು ಹೊರೆ. ಸೂಪರ್‌ವರ್ಮ್ ಇನ್ನೂ ದೊಡ್ಡದು, ಕೊಬ್ಬೂ ಜಾಸ್ತಿ, ಕಚ್ಚಲೂ ಬರುತ್ತದೆ. ಅದು ಬೆಳೆದ ಡ್ರ್ಯಾಗನ್‌ಗೆ ಮಾತ್ರ, ಅದೂ ಅಪರೂಪಕ್ಕೆ. ವ್ಯಾಕ್ಸ್‌ವರ್ಮ್ ಎಂಬ ಪತಂಗದ ಮರಿಹುಳುವಿನ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬೇ. ಕಾಯಿಲೆಯಿಂದ ಸೊರಗಿದ, ಮೊಟ್ಟೆಯಿಟ್ಟು ಬಸವಳಿದ ಡ್ರ್ಯಾಗನ್‌ಗೆ ಕೊಡಬಹುದು. ಉಳಿದಂತೆ ತಿಂಗಳಲ್ಲಿ ಒಂದೆರಡು ಬಾರಿ ಸಾಕು. ಇದರ ರುಚಿ ಹತ್ತಿದರೆ ಬೇರೆ ಏನನ್ನೂ ಮುಟ್ಟದೆ ಹಟ ಹಿಡಿಯುತ್ತವೆ.

3. ಗಾತ್ರ: ಎರಡು ಕಣ್ಣುಗಳ ನಡುವಿನ ಅಂತರ

ಡ್ರ್ಯಾಗನ್‌ನ ತಲೆಯನ್ನು ಮೇಲಿನಿಂದ ನೋಡಿ. ಎರಡು ಕಣ್ಣುಗಳ ನಡುವೆ ಎಷ್ಟು ಜಾಗವಿದೆಯೋ ಹುಳು ಅದಕ್ಕಿಂತ ದೊಡ್ಡದಿರಬಾರದು. ಮರಿಗಳ ವಿಷಯದಲ್ಲಿ ಹುಳುವಿನ ಉದ್ದವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಗಷ್ಟೇ ಹುಟ್ಟಿದ್ದಕ್ಕೆ ಕೆಲವೇ ಮಿಲಿಮೀಟರ್ ಉದ್ದದ ಕ್ರಿಕೆಟ್ ಮರಿ. ಬೆಳೆದಂತೆ ದೊಡ್ಡದು.

ದೊಡ್ಡ ಹುಳು ನುಂಗಿದರೆ ಎರಡು ಅಪಾಯ. ಒಂದು, ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಇನ್ನೊಂದು ಇಂಪ್ಯಾಕ್ಷನ್, ಅಂದರೆ ಅರಗದ ವಸ್ತು ಕರುಳಿನಲ್ಲಿ ಗಟ್ಟಿಯಾಗಿ ಕೂತು ದಾರಿ ಕಟ್ಟಿಹೋಗುವುದು. ಬಿಸಿ ಸಾಲದಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಹೊಟ್ಟೆ ಉಬ್ಬುತ್ತದೆ, ಹಿಕ್ಕೆ ನಿಲ್ಲುತ್ತದೆ, ಹಿಂಗಾಲು ಎಳೆಯತೊಡಗುತ್ತದೆ. ಹಾಗೆ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಸಂಶಯವಿದ್ದಾಗ ಚಿಕ್ಕ ಹುಳುವನ್ನೇ ಆರಿಸಿ. ಒಂದು ದೊಡ್ಡದರ ಬದಲು ನಾಲ್ಕು ಚಿಕ್ಕದು ತಿಂದರೆ ನಷ್ಟವೇನೂ ಇಲ್ಲ.

4. ಹುಳುವಿಗೂ ಊಟ ಹಾಕಿ

ಅಂಗಡಿಯಿಂದ ತಂದ ಹುಳು ಎಷ್ಟೋ ಸಲ ಹಸಿದಿರುತ್ತದೆ. ಖಾಲಿ ಹೊಟ್ಟೆಯ ಹುಳು ತಿಂದರೆ ಡ್ರ್ಯಾಗನ್‌ಗೆ ಸಿಗುವುದು ಚಿಪ್ಪು, ಸ್ವಲ್ಪ ಪ್ರೋಟೀನ್, ಅಷ್ಟೇ. ಅದಕ್ಕೇ ತಿನ್ನಿಸುವ 24ರಿಂದ 48 ಗಂಟೆ ಮೊದಲು ಹುಳುಗಳಿಗೆ ಒಳ್ಳೆಯ ಮೇವು ಹಾಕಬೇಕು. ಇದಕ್ಕೆ ಗಟ್ ಲೋಡಿಂಗ್ ಅನ್ನುತ್ತಾರೆ. ಹುಳುವಿನ ಹೊಟ್ಟೆಯಲ್ಲಿರುವುದೂ ಡ್ರ್ಯಾಗನ್‌ನ ಹೊಟ್ಟೆಗೇ ಹೋಗುತ್ತದಲ್ವಾ?

ಕಡು ಹಸಿರು ಸೊಪ್ಪು, ಕ್ಯಾರೆಟ್, ಕುಂಬಳ, ಗೆಣಸು ಹಾಕಿ. ಗಟ್ ಲೋಡಿಂಗ್‌ಗೆಂದೇ ಸಿಗುವ, ಕ್ಯಾಲ್ಸಿಯಂ ಸೇರಿಸಿದ ಒಣ ಮೇವನ್ನೂ ಬಳಸಬಹುದು. ನಾಯಿ, ಬೆಕ್ಕಿನ ಕಾಳು ಹಾಕಬೇಡಿ. ಅದರಲ್ಲಿ ಪ್ರೋಟೀನ್ ವಿಪರೀತ. ಆವಕಾಡೊ ಅಂತೂ ಹುಳುವಿಗೂ ಬೇಡ, ಡ್ರ್ಯಾಗನ್‌ಗೂ ಬೇಡ. ನೀರನ್ನು ತೆರೆದ ಬಟ್ಟಲಿನಲ್ಲಿಟ್ಟರೆ ಕ್ರಿಕೆಟ್ ಹುಳುಗಳು ಬಿದ್ದು ಸಾಯುತ್ತವೆ. ಕ್ಯಾರೆಟ್ ಚೂರು ಅಥವಾ ನೀರಿನ ಜೆಲ್ ಸಾಕು. ಡಬ್ಬದಲ್ಲಿ ಮೊಟ್ಟೆಯ ಟ್ರೇ ನಿಲ್ಲಿಸಿ, ಒಳಗೆ ಒಣಗಿರುವಂತೆ ನೋಡಿಕೊಳ್ಳಿ, ಸತ್ತವನ್ನು ದಿನಾ ತೆಗೆಯಿರಿ. ಮೀಲ್‌ವರ್ಮ್ ಫ್ರಿಜ್ಜಿನಲ್ಲಿಡಬಹುದು. ಸೂಪರ್‌ವರ್ಮ್ ಇಟ್ಟರೆ ಸತ್ತೇಹೋಗುತ್ತದೆ.

5. ಪುಡಿ ಸವರುವುದು

ಕ್ರಿಕೆಟ್ ಹುಳುವಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಜಾಸ್ತಿ. ದುಬಿಯಾದಲ್ಲೂ ರಂಜಕವೇ ಮೇಲು. ಡ್ರ್ಯಾಗನ್‌ಗೆ ಬೇಕಾದದ್ದು ಇದಕ್ಕೆ ತಿರುಗಾ ಮುರುಗಾ, ಕ್ಯಾಲ್ಸಿಯಂ ಎರಡು ಪಾಲಿದ್ದರೆ ರಂಜಕ ಒಂದು ಪಾಲು. ಈ ಕೊರತೆ ಹೀಗೇ ಮುಂದುವರಿದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳುಗಳು ನಡುಗುತ್ತವೆ. ಇದನ್ನು ಎಂಬಿಡಿ ಅನ್ನುತ್ತಾರೆ, ಮೂಳೆ ಸವೆಯುವ ಕಾಯಿಲೆ. ಬೇಗ ಗುರುತಿಸಿದರೆ ನಿಲ್ಲಿಸಬಹುದು, ಆದರೆ ಒಮ್ಮೆ ಸೊಟ್ಟಗಾದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ. ಬೆಳೆಯುತ್ತಿರುವ ಮರಿಗಳಿಗೇ ಇದು ಜಾಸ್ತಿ ತಗುಲುವುದು.

ಮಾಡುವ ರೀತಿ ಸುಲಭ. ಆ ಹೊತ್ತಿಗೆ ಬೇಕಾದಷ್ಟು ಹುಳುಗಳನ್ನು ಒಣಗಿದ ಡಬ್ಬಕ್ಕೆ ಹಾಕಿ. ಒಂದು ಚಿಟಿಕೆ ಪುಡಿ ಉದುರಿಸಿ, ಮುಚ್ಚಳ ಮುಚ್ಚಿ, ಡಬ್ಬವನ್ನು ಮೆಲ್ಲಗೆ ತಿರುಗಿಸಿ. ಹುಳುವಿನ ಬಣ್ಣ ಮಾಸಿದಂತೆ ಕಂಡರೆ ಸಾಕು. ಬೆಳ್ಳಗೆ ಮುದ್ದೆಯಾಗುವಷ್ಟು ಹಾಕಿದರೆ ಡ್ರ್ಯಾಗನ್ ಮೂಸಿ ಬಿಟ್ಟುಬಿಡುತ್ತದೆ. ಸವರಿದ ಕೂಡಲೇ ತಿನ್ನಿಸಿ. ಕ್ರಿಕೆಟ್ ಹುಳುವನ್ನು ಗಮನಿಸಿ ನೋಡಿ: ಮೀಸೆಯನ್ನು ಬಾಯಿಯೊಳಗೆ ಎಳೆದು, ಕಾಲಿನಿಂದ ಮೈ ಉಜ್ಜಿ ಪುಡಿಯನ್ನೆಲ್ಲ ತೆಗೆದುಹಾಕುತ್ತಿರುತ್ತದೆ. ತಡವಾದರೆ ಡ್ರ್ಯಾಗನ್‌ಗೆ ಸಿಗುವುದು ಬರೀ ಹುಳು.

ಎಷ್ಟು ಸಲ? ಮರಿಗಳಿಗೆ ವಾರದಲ್ಲಿ ಐದು ದಿನ, ದಿನದ ಒಂದು ಊಟಕ್ಕೆ ಕ್ಯಾಲ್ಸಿಯಂ. ಉಳಿದ ಎರಡು ದಿನ ಮಲ್ಟಿವಿಟಮಿನ್. ದೊಡ್ಡದಕ್ಕೆ ಹುಳು ಕೊಡುವ ದಿನವೆಲ್ಲ ಕ್ಯಾಲ್ಸಿಯಂ, ವಾರಕ್ಕೊಮ್ಮೆ ಮಲ್ಟಿವಿಟಮಿನ್. ಮೊಟ್ಟೆ ಕಟ್ಟಿಕೊಂಡ ಹೆಣ್ಣಿಗೆ ಇದಕ್ಕಿಂತ ಜಾಸ್ತಿ ಬೇಕು. ಗಂಡಿಲ್ಲದಿದ್ದರೂ ಹೆಣ್ಣು ಡ್ರ್ಯಾಗನ್ ಮೊಟ್ಟೆಯಿಡುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ.

ಡಿ3 ಸೇರಿದ ಪುಡಿಯ ಬಗ್ಗೆ ಎಚ್ಚರ. ಒಳ್ಳೆಯ ಯುವಿಬಿ ಇರುವ ಟ್ಯಾಂಕಿನಲ್ಲಿ ಡಿ3 ಇಲ್ಲದ ಕ್ಯಾಲ್ಸಿಯಂ ಮುಖ್ಯವಾಗಿರಲಿ. ಡಿ3, ವಿಟಮಿನ್ ಎ ಎರಡೂ ಮೈಯಲ್ಲಿ ಶೇಖರವಾಗುತ್ತವೆ, ವಿಪರೀತವಾದರೆ ವಿಷ. ‘ಒಳ್ಳೆಯದು ಅಲ್ವಾ, ಇರಲಿ’ ಅಂತ ಎಲ್ಲ ಪುಡಿಯನ್ನೂ ಒಟ್ಟಿಗೆ ಸುರಿಯಬೇಡಿ.

6. ವಯಸ್ಸಿಗೆ ತಕ್ಕ ಲೆಕ್ಕ

ಹುಟ್ಟಿದಾಗಿನಿಂದ ನಾಲ್ಕು ತಿಂಗಳವರೆಗೆ: ಊಟದ ಮುಕ್ಕಾಲು ಭಾಗ ಹುಳು, ಕಾಲು ಭಾಗ ಸೊಪ್ಪು. ದಿನಕ್ಕೆ ಮೂರು ಸಲ, ಪ್ರತಿ ಸಲ 10ರಿಂದ 15 ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟು. ಇಲ್ಲಿ ಎಣಿಕೆಗಿಂತ ಸಮಯದ ಲೆಕ್ಕವೇ ವಾಸಿ. ಕೆಲವು ಮರಿಗಳು ದಿನಕ್ಕೆ 50 ಪುಟ್ಟ ಕ್ರಿಕೆಟ್ ಹುಳು ಮುಗಿಸುತ್ತವೆ, ಕೆಲವು ಅದರ ಅರ್ಧಕ್ಕೇ ಸಾಕು ಅನ್ನುತ್ತವೆ. ನಾಲ್ಕೈದು ಹುಳುಗಳನ್ನೇ ಬಿಡಿ, ಅವು ಮುಗಿದ ಮೇಲೆ ಇನ್ನೊಂದಿಷ್ಟು. ಒಟ್ಟಿಗೆ ಇಪ್ಪತ್ತು ಬಿಟ್ಟರೆ ಮರಿ ಗಾಬರಿಯಾಗಿ ಮೂಲೆ ಸೇರುತ್ತದೆ. ಎರಡು ಮರಿಗಳನ್ನು ಒಟ್ಟಿಗೆ ಇಡಲೇಬೇಡಿ. ಹಸಿವಿನಲ್ಲಿ ಒಂದರ ಬಾಲದ ತುದಿ, ಕಾಲ್ಬೆರಳು ಇನ್ನೊಂದು ಕಚ್ಚಿ ತಿನ್ನುತ್ತದೆ.

ಸೊಪ್ಪನ್ನು ಈ ವಯಸ್ಸಿನಲ್ಲಿ ಮರಿ ಮುಟ್ಟುವುದೇ ಇಲ್ಲ ಅಂತ ಕೈಬಿಡಬೇಡಿ. ಸಣ್ಣಗೆ ಹೆಚ್ಚಿ ದಿನಾ ಬೆಳಗ್ಗೆ ಇಡಿ. ತಿನ್ನದಿದ್ದರೂ ಪರವಾಗಿಲ್ಲ. ಅದು ಊಟ ಎಂದು ಈಗ ಕಂಡಿದ್ದರೆ ಮುಂದೆ ನಿಮಗೆ ಕಷ್ಟವಾಗುವುದಿಲ್ಲ.

ನಾಲ್ಕರಿಂದ ಎಂಟು ತಿಂಗಳು: ದಿನಕ್ಕೆ ಎರಡು ಸಲ, ಆಮೇಲೆ ಮೆಲ್ಲಗೆ ಒಂದು ಸಲ. ಹುಳು, ಸೊಪ್ಪು ಅರ್ಧಕ್ಕರ್ಧ ಆಗುವತ್ತ ತನ್ನಿ.

ಎಂಟರಿಂದ ಹನ್ನೆರಡು ತಿಂಗಳು: ದಿನಕ್ಕೊಮ್ಮೆ, ವರ್ಷ ಸಮೀಪಿಸಿದಂತೆ ದಿನ ಬಿಟ್ಟು ದಿನ. ಎಲ್ಲರೂ ಸೋಲುವುದು ಇಲ್ಲಿಯೇ. ಡ್ರ್ಯಾಗನ್ ಗಾಜಿಗೆ ಮೂತಿ ಒತ್ತಿ, ನಿಮ್ಮ ಕೈಯನ್ನೇ ನೋಡುತ್ತಾ ನಿಲ್ಲುತ್ತದೆ. ಕರುಳು ಚುರ್ ಅನ್ನುವುದು ಸಹಜ. ಆದರೆ ಅದು ಹಸಿವಲ್ಲ. ಕಾಡಿನಲ್ಲಿ ಹುಳು ಸಿಕ್ಕಾಗ ಸಿಕ್ಕಷ್ಟು ತಿನ್ನುವ ಪ್ರಾಣಿ, ಮನೆಯಲ್ಲೂ ಹಾಗೇ ಕೇಳುತ್ತದೆ. ಹುಳುವಿನ ದಿನವಲ್ಲದಿದ್ದರೆ ಸೊಪ್ಪಿನ ಬಟ್ಟಲು ಇಡಿ, ಎದುರಿನಿಂದ ಸರಿಯಿರಿ.

ವರ್ಷ, ಒಂದೂವರೆ ವರ್ಷ ದಾಟಿದ ಮೇಲೆ: ಲೆಕ್ಕ ಪೂರ್ತಿ ತಿರುಗುತ್ತದೆ. ಮುಕ್ಕಾಲು ಭಾಗ ಸೊಪ್ಪು, ತರಕಾರಿ. ಅದು ದಿನಾ. ಹುಳು ವಾರಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ತಕ್ಕ ಗಾತ್ರದ ಐದಾರು ದುಬಿಯಾ ಸಾಕು.

ವಯಸ್ಸು ಗೊತ್ತಿಲ್ಲದ ಡ್ರ್ಯಾಗನ್ ಆಗಿದ್ದರೆ ಮೈಯನ್ನೇ ಓದಿ. ಬಾಲದ ಬುಡ ದುಂಡಗಿರಬೇಕು. ಅಲ್ಲಿ ಮೂಳೆ ಎದ್ದು ಕಂಡರೆ, ಸೊಂಟ ಮೂಲೆಮೂಲೆಯಾಗಿ ಕಂಡರೆ ಸೊರಗಿದೆ. ತಲೆಯ ಹಿಂದಿನ ಮೆತ್ತೆಗಳು ಉಬ್ಬಿ ನಿಂತಿದ್ದರೆ, ನಡೆಯುವಾಗ ಹೊಟ್ಟೆ ನೆಲ ಸವರುತ್ತಿದ್ದರೆ ಬೊಜ್ಜು. ಆಗ ಹುಳು ವಾರಕ್ಕೊಮ್ಮೆಗೆ ಇಳಿಸಿ. ವಾರಕ್ಕೊಂದು ದಿನ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮರಿಯ ತೂಕ ಏರುತ್ತಲೇ ಇರಬೇಕು, ದೊಡ್ಡದರ ತೂಕ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರಬೇಕು.

7. ಯಾವ ಹೊತ್ತಿಗೆ, ಹೇಗೆ

ದೀಪ ಹಾಕಿ ಒಂದೆರಡು ಗಂಟೆಯಾಗಲಿ, ಮೈ ಕಾಯಲಿ. ಮೊದಲು ಸೊಪ್ಪು ಇಡಿ, ಆಮೇಲೆ ಹುಳು. ಕೊನೆಯ ಊಟ ದೀಪ ಆರಿಸುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ. ತಣ್ಣಗಿನ ಹೊಟ್ಟೆಯಲ್ಲಿ ಹುಳು ಅರಗದೆ ಕೊಳೆಯುತ್ತದೆ.

ಉಳಿದ ಹುಳುವನ್ನು ಹೊರಗೆ ತೆಗೆಯಿರಿ. ಇದು ಸಣ್ಣ ಮಾತಲ್ಲ. ಹಸಿದ ಕ್ರಿಕೆಟ್ ಹುಳು ರಾತ್ರಿ ಮಲಗಿದ ಡ್ರ್ಯಾಗನ್‌ನ ಬೆರಳಸಂದಿ, ಕಣ್ಣಿನ ರೆಪ್ಪೆ ಕಚ್ಚುತ್ತದೆ. ಗಾಯ ಕೀವುಗಟ್ಟುತ್ತದೆ. ಟ್ಯಾಂಕಿನ ಅಲಂಕಾರದ ಕಲ್ಲು, ಮರದ ತುಂಡಿನ ಕೆಳಗೂ ಎತ್ತಿ ನೋಡಿ.

8. ಯಾವತ್ತೂ ಹಾಕಬಾರದ್ದು

ಮಿಣುಕುಹುಳು. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮಿಣುಕುಹುಳುಗಳ ಮೈಯಲ್ಲಿ ಲೂಸಿಬುಫಾಜಿನ್ ಎಂಬ, ಹೃದಯಕ್ಕೆ ಬಡಿಯುವ ವಿಷವಿರುತ್ತದೆ. ಒಂದೇ ಒಂದು ತಿಂದ ಬಿಯರ್ಡೆಡ್ ಡ್ರ್ಯಾಗನ್ ಕೂಡ ಸತ್ತಿದೆ. ಆಸ್ಟ್ರೇಲಿಯಾದ ಈ ಪ್ರಾಣಿಗೆ ಅದನ್ನು ಕಂಡು ದೂರ ಸರಿಯುವ ಬುದ್ಧಿ ಇಲ್ಲ. ಟ್ಯಾಂಕ್ ಕಿಟಕಿಯ ಬಳಿಯಿದ್ದರೆ ಸಂಜೆ ಕಿಟಕಿಗೆ ಜಾಲರಿ ಇರಲಿ.

ತೋಟದಿಂದ, ದೀಪದ ಕೆಳಗಿನಿಂದ ಹಿಡಿದು ತಂದ ಯಾವ ಹುಳುವೂ ಬೇಡ. ಕೀಟನಾಶಕ ತಾಗಿರಬಹುದು, ಪರಾವಲಂಬಿ ಹುಳುಗಳನ್ನು ಹೊತ್ತು ತಂದಿರಬಹುದು. ಮನೆಯ ಜಿರಳೆಯೂ ಬೇಡ. ರೋಮವಿರುವ ಕಂಬಳಿಹುಳು, ಚೇಳು, ಕಣಜ ಸುತರಾಂ ಬೇಡ. ಒಣಗಿಸಿ ಡಬ್ಬದಲ್ಲಿ ಮಾರುವ ಹುಳು ವಿಷವೇನಲ್ಲ, ಆದರೆ ಅದರಲ್ಲಿ ನೀರಿನ ಅಂಶವಿಲ್ಲ. ಅದನ್ನೇ ನಂಬಿದರೆ ಡ್ರ್ಯಾಗನ್ ಒಳಗೊಳಗೇ ಒಣಗುತ್ತದೆ.

9. ತಿನ್ನುವುದು ನಿಲ್ಲಿಸಿದರೆ

ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಯುವಿಬಿ ಟ್ಯೂಬ್ ಯಾವಾಗ ಹಾಕಿದ್ದು ನೆನಪಿಸಿಕೊಳ್ಳಿ. ಅರ್ಧಕ್ಕಿಂತ ಹೆಚ್ಚು ದೂರುಗಳು ಇವೆರಡರಲ್ಲೇ ಬಗೆಹರಿಯುತ್ತವೆ ಅನ್ನುವುದು ನನ್ನ ಅನುಭವ. ಹೊಸ ಮನೆಗೆ ಬಂದ ಡ್ರ್ಯಾಗನ್ ಕೆಲವು ದಿನ ಸರಿಯಾಗಿ ತಿನ್ನುವುದಿಲ್ಲ, ಸುಮ್ನೆ ಎತ್ತಿ ಆಡಿಸದೆ ಬಿಟ್ಟುಬಿಡಿ. ಪೊರೆ ಬಿಡುವಾಗಲೂ ಊಟ ಕಡಿಮೆಯಾಗುತ್ತದೆ.

ವರ್ಷ ದಾಟಿದವು ತಂಪು ಕಾಲದಲ್ಲಿ ಬ್ರೂಮೇಷನ್‌ಗೆ ಇಳಿಯಬಹುದು. ಅಂದರೆ ಸರೀಸೃಪಗಳ ಚಳಿಗಾಲದ ಮಂಪರು: ವಾರಗಟ್ಟಲೆ ಮೂಲೆಯಲ್ಲಿ ಮಲಗುತ್ತದೆ, ಊಟ ಬೇಡ ಅನ್ನುತ್ತದೆ. ತೂಕ ಹೆಚ್ಚು ಇಳಿಯದಿದ್ದರೆ ಚಿಂತೆಯಿಲ್ಲ. ಆ ಹೊತ್ತಿನಲ್ಲಿ ಬಲವಂತವಾಗಿ ಹುಳು ತುರುಕಬೇಡಿ.

ಆದರೆ ಆರು ತಿಂಗಳೊಳಗಿನ ಮರಿ ಎರಡು ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ತೂಕ ಇಳಿಯುತ್ತಿದ್ದರೆ, ಹಿಕ್ಕೆ ನೀರಾಗಿ ನಾರುತ್ತಿದ್ದರೆ, ಕೈಕಾಲು ನಡುಗಿದರೆ ಯಾವ ವಯಸ್ಸಿನದ್ದಾದರೂ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಒಯ್ಯಿರಿ. ಹೋಗುವಾಗ ಆ ದಿನದ ಹಿಕ್ಕೆಯನ್ನು ಮುಚ್ಚಳವಿರುವ ಸಣ್ಣ ಡಬ್ಬದಲ್ಲಿ ಹಾಕಿಕೊಳ್ಳಿ, ಕರುಳಿನ ಪರಾವಲಂಬಿಗಳನ್ನು ಅದರಲ್ಲೇ ಹುಡುಕುತ್ತಾರೆ. ತೂಕ ಬರೆದ ಪುಸ್ತಕ, ಪುಡಿಗಳ ಡಬ್ಬ, ಯುವಿಬಿ ಟ್ಯೂಬಿನ ಫೋಟೋ ಕೂಡ ಜೊತೆಗಿರಲಿ. ವೈದ್ಯರು ಮೊದಲು ಕೇಳುವುದು ಇವನ್ನೇ.